ಫ್ಯಾನ್ ಇದ್ದರೆ ಹಳೇ ವಿಮಾನವೇ?

ಪುಟಾಣಿಗಳೇ, ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಕಡೆ ಹೋದಾಗಲೆಲ್ಲ ನನ್ನ ಮೊಮ್ಮಗನದು ಒಂದೇ ಪ್ರಶ್ನೆ: “ಅಜ್ಜಾ, ಈ ವಿಮಾನಕ್ಕ ಫ್ಯಾನ್ ಯಾಕ ಐತಿ? ಹಳೇದೇನು?”

ಅಲ್ಲ. ಆ ಫ್ಯಾನಿನ ಹೆಸರು ಪ್ರೊಪೆಲರ್. ಅದರ ಹಿಂದೆ ನಮ್ಮ ಊರಿನ ಕಥೆಯೂ ಇದೆ.

ಮೊದಲೆಲ್ಲ ನಮ್ಮಂಥವರು ಬೆಂಗಳೂರಿಗೆ ಹೋಗಬೇಕೆಂದರೆ ರಾತ್ರಿ ರೈಲು, ಇಲ್ಲವೇ ಬಸ್ಸೇ ಗತಿ. ವಿಮಾನ ಶ್ರೀಮಂತರಿಗೆ ಮಾತ್ರ ಎಂದುಕೊಂಡಿದ್ದೆವು. 2003ರ ಆಗಸ್ಟ್‌ನಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ‘ಏರ್ ಡೆಕ್ಕನ್’ ಹಾರಾಟ ಶುರು ಮಾಡಿತು. ಅದು ದೇಶದ ಮೊದಲ ಅಗ್ಗದ ದರದ ವಿಮಾನ ಸಂಸ್ಥೆ. ಅದರ ಮೊದಲ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು!

ನಾನು ಮೊದಲು ವಿಮಾನ ಹತ್ತಿದ್ದೂ ಆಗಲೇ. ಅಕ್ಕ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಳು. ಬೆಳಿಗ್ಗೆ ಮನೆ ಬಿಟ್ಟವನು ಮಧ್ಯಾಹ್ನದೊಳಗೆ ಅವಳ ಮಂಚದ ಪಕ್ಕ ಕುಳಿತಿದ್ದೆ. “ಇಷ್ಟ್ ಲಗೂ ಹ್ಯಾಂಗ್ ಬಂದ್ಯೋ?” ಎಂದು ಕೈ ಹಿಡಿದುಕೊಂಡಳು.

ಆಗ ಬಳಸುತ್ತಿದ್ದುದು ‘ಎಟಿಆರ್ 42’ ವಿಮಾನ. ಸುಮಾರು 48 ಸೀಟು. ಪ್ರತಿ ಪ್ರೊಪೆಲರ್‌ಗೆ ನಾಲ್ಕು ಎಸಳು. ಜನ ಹೆಚ್ಚಿದರು. 2005ರಲ್ಲಿ ಸಂಸ್ಥೆ ಹೊಸ ‘ಎಟಿಆರ್ 72-500’ ವಿಮಾನ 30 ಬೇಕೆಂದು ಒಪ್ಪಂದ ಮಾಡಿಕೊಂಡಿತು. ಇದರಲ್ಲಿ 70ರಷ್ಟು ಜನ ಕೂರಬಹುದು. ಎಸಳು ಆರು, ಸದ್ದು ಕಡಿಮೆ.

ಹೊಸದು ಕೊಳ್ಳುವಾಗಲೂ ಪ್ರೊಪೆಲರ್ ವಿಮಾನವೇ ಏಕೆ? ಒಳಗಿರುವುದು ಜೆಟ್ ಎಂಜಿನ್‌ನ ಜಾತಿಯ ಟರ್ಬೈನೇ. ಅದು ಪ್ರೊಪೆಲರನ್ನು ತಿರುಗಿಸುತ್ತದೆ. ಪ್ರೊಪೆಲರ್ ಬಹಳಷ್ಟು ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ವಿಮಾನ ಮುಂದೆ ಸಾಗುತ್ತದೆ. ವೇಗ ಗಂಟೆಗೆ ಸುಮಾರು 500 ಕಿ.ಮೀ. ದೊಡ್ಡ ಜೆಟ್ 800 ಕಿ.ಮೀ. ದಾಟುತ್ತದೆ, ನಿಜ. ಆದರೆ ಒಂದು ಗಂಟೆಯ ದಾರಿಯಲ್ಲಿ ಉಳಿಯುವುದು ಕೆಲವೇ ನಿಮಿಷ. ಇಂಧನ ಮಾತ್ರ ಹೆಚ್ಚು ಸುಡುತ್ತದೆ. ಜೊತೆಗೆ ಎಟಿಆರ್‌ಗೆ ಚಿಕ್ಕ ರನ್‌ವೇ ಸಾಕು. ಆಗ ನಮ್ಮದೂ ಚಿಕ್ಕದೇ! ಉದ್ದನೆಯ ರನ್‌ವೇ, ಹೊಸ ಟರ್ಮಿನಲ್ ಬಂದದ್ದು 2017ರ ಹೊತ್ತಿಗೆ.

ಏರ್ ಡೆಕ್ಕನ್ ಮುಂದೆ ಕಿಂಗ್‌ಫಿಶರ್ ಜೊತೆ ಸೇರಿಹೋಯಿತು. 2012ರಲ್ಲಿ ಅದರ ಹಾರಾಟವೂ ನಿಂತಿತು. ಆದರೆ ಸಣ್ಣ ಊರಿನ ಸಾಮಾನ್ಯರೂ ಹಾರಬಹುದೆಂಬ ಧೈರ್ಯ ಉಳಿಯಿತು.

ನೀವು ಎಟಿಆರ್ ಹತ್ತಿದರೆ ಕಿಟಕಿ ಸೀಟು ಕೇಳಿ. ರೆಕ್ಕೆ ತಲೆಯ ಮೇಲಿರುವುದರಿಂದ ಕೆಳಗಿನ ಹೊಲ, ಕೆರೆ ಎಲ್ಲ ಚೆನ್ನಾಗಿ ಕಾಣುತ್ತವೆ. ಎಸಳುಗಳನ್ನು ಮಾತ್ರ ಹೊರಡುವ ಮೊದಲೇ ಎಣಿಸಿಬಿಡಿ. ತಿರುಗಲು ಶುರುವಾದರೆ ಒಂದೂ ಕಾಣುವುದಿಲ್ಲ!