ಪದ್ಯ ಬರೆದವರು ಯಾರು?

ಚಂದ್ರಗುತ್ತಿಯ ಆಸುಪಾಸಿನಲ್ಲಿ ರಾತ್ರಿ ಯಕ್ಷಗಾನ ನೋಡಿದ ನಿಮ್ಮನ್ನು ಮರುದಿನ ಕೇಳಿದರೆ ಭಾಗವತರ, ವೇಷಧಾರಿಗಳ ಹೆಸರನ್ನು ಥಟ್ಟನೆ ಹೇಳುತ್ತೀರಿ. ಆದರೆ ಪ್ರಸಂಗದ ಪದ್ಯಗಳನ್ನು ಬರೆದ ಕವಿ ಯಾರು?

ಇದೇ ಪ್ರಶ್ನೆಯೊಡನೆ ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿಗೆ ಹೋಗೋಣ. ಅಲ್ಲಿನ ಜಾತ್ರೆಗಳಲ್ಲಿ ಬೆಳೆದದ್ದು 'ಒಪೆರಾ ಕೊಮಿಕ್'. ಹೆಸರು ಕೇಳಿ ಬರಿಯ ನಗೆನಾಟಕವೆಂದು ತಿಳಿಯಬೇಡಿ. ಹಾಡಿನ ನಡುವೆ ಮಾತು ಬರುವುದೇ ಅದರ ಗುರುತು. ಅಂದು ಹಾಡುವ ಮತ್ತು ಮಾತನಾಡುವ ಹಕ್ಕುಗಳು ರಾಜಮನ್ನಣೆಯ ದೊಡ್ಡ ರಂಗಮಂದಿರಗಳ ಕೈಯಲ್ಲಿದ್ದವು. ಜಾತ್ರೆಯ ನಟರ ಬಾಯಿ ಕಟ್ಟಿದಾಗ, 1710ರ ಸುಮಾರಿಗೆ, ಅವರೊಂದು ಉಪಾಯ ಹೂಡಿದರು. ಪದ್ಯ ಬರೆದ ಫಲಕಗಳನ್ನು ತೋರಿಸಿದರು, ವಾದ್ಯದವರು ಪರಿಚಿತ ಧಾಟಿ ನುಡಿಸಿದರು, ಪ್ರೇಕ್ಷಕರೇ ಹಾಡಿದರು!

ಇಂಥ ನಾಟಕಗಳಿಗೆ ಸಾಹಿತ್ಯ ಬರೆದವರು ಸಾಮಾನ್ಯರೇ. ಶಾರ್ಲ್ ಸಿಮೋನ್ ಫವಾರ್ (1710–1792) ಮಿಠಾಯಿಗಾರನ ಮಗ. ಮಿಶೆಲ್ ಜಾನ್ ಸೆದೇನ್ (1719–1797) ಕಲ್ಲುಕುಟಿಗನಾಗಿ ದುಡಿದವನು. ಗ್ರೆತ್ರಿ ಸಂಗೀತ ನೀಡಿದ 1784ರ 'ರಿಚರ್ಡ್ ಸಿಂಹಹೃದಯ' ನಾಟಕದ ಸಾಹಿತ್ಯ ಅವನದೇ.

ನಮ್ಮಲ್ಲೂ ಹೀಗೆಯೇ. 'ರಾಮಾಶ್ವಮೇಧ'ದ ಮುದ್ದಣನನ್ನು ನೀವು ಪಠ್ಯದಲ್ಲಿ ಓದಿರಬಹುದು. ಶಾಲೆಯ ವ್ಯಾಯಾಮ ಶಿಕ್ಷಕರಾಗಿದ್ದ ಈ ನಂದಳಿಕೆ ಲಕ್ಷ್ಮೀನಾರಣಪ್ಪ (1870–1901) 'ರತ್ನಾವತಿ ಕಲ್ಯಾಣ', 'ಕುಮಾರ ವಿಜಯ' ಎಂಬ ಯಕ್ಷಗಾನ ಪ್ರಸಂಗಗಳನ್ನೂ ಬರೆದರು.

ಒಂದು ವ್ಯತ್ಯಾಸವುಂಟು. ಫ್ರೆಂಚ್ ಕವಿ ಹಾಡು, ಮಾತು ಎರಡನ್ನೂ ಬರೆದುಕೊಡುತ್ತಿದ್ದ. ನಮ್ಮ ಪ್ರಸಂಗಕರ್ತ ಮುಖ್ಯವಾಗಿ ಪದ್ಯ ಬರೆಯುತ್ತಾನೆ. ಭಾಗವತರು ಅದನ್ನು ರಾಗ–ತಾಳಗಳಲ್ಲಿ ಹಾಡಿದ ಮೇಲೆ ವೇಷಧಾರಿ ತನ್ನದೇ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಆ ಮಾತು ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ. ಪದ್ಯ ಮಾತ್ರ ತಲೆಮಾರುಗಳನ್ನು ದಾಟಿ ಬರುತ್ತದೆ. ಹಾಗೆ ಉಳಿದುಬಂದ ಪದ್ಯದ ಕವಿಯ ಹೆಸರೇ ಅಳಿಯುವುದು ಎಂಥ ವಿಪರ್ಯಾಸ!

ಇದು ಕೇವಲ ಊಹೆಯಲ್ಲ. ಯಕ್ಷಗಾನದ ರಾಮಾಯಣ ಪ್ರಸಂಗಗಳು ಕಾಸರಗೋಡಿನ ಕುಂಬಳೆಯ ಪಾರ್ತಿಸುಬ್ಬನವು ಎಂದು ಮುಳಿಯ ತಿಮ್ಮಪ್ಪಯ್ಯನವರಂಥ ವಿದ್ವಾಂಸರು ವಾದಿಸಿದರು. ಶಿವರಾಮ ಕಾರಂತರು ಒಪ್ಪಲಿಲ್ಲ. ಊರೂರಲ್ಲಿ ಹಾಡುವ ಪದ್ಯಗಳು ಯಾರವೆಂದು ಪಂಡಿತರು ಚರ್ಚಿಸಬೇಕಾಯಿತು. ಅತ್ತ ಪ್ಯಾರಿಸ್ಸಿನಲ್ಲಿ ಒಪೆರಾ ಕೊಮಿಕ್ ರಂಗಮಂದಿರವನ್ನು ಇಂದಿಗೂ 'ಸಾಲ್ ಫವಾರ್' ಎನ್ನುತ್ತಾರೆ. ಅಂದರೆ ಫವಾರನ ಸಭಾಂಗಣ. ನೆನಪಿಡಿ, ಅದು ಸಂಗೀತಗಾರನ ಹೆಸರಲ್ಲ, ಸಾಹಿತ್ಯ ಬರೆದವನ ಹೆಸರು.

ಮುಂದಿನ ಬಾರಿ ನಿಮ್ಮೂರಿನಲ್ಲಿ ಆಟವಿದ್ದಾಗ ಕರಪತ್ರ ನೋಡಿ. ಕವಿಯ ಹೆಸರಿಲ್ಲದಿದ್ದರೆ ಚೌಕಿಗೆ ಹೋಗಿ ಭಾಗವತರನ್ನೇ ಕೇಳಿ, ಬರೆದಿಟ್ಟುಕೊಳ್ಳಿ. ನಿಮ್ಮ ಕಾಲೇಜಿನ ವಾರ್ಷಿಕೋತ್ಸವದ ಆಟವಾದರೆ, ಆ ಹೆಸರನ್ನು ಅಚ್ಚು ಹಾಕಿಸುವ ಕೆಲಸವೂ ನಿಮ್ಮದೇ.