ಸೈರಂಧ್ರಿಯ ಕಸುಬು

ಜೇವರ್ಗಿ ತಾಲ್ಲೂಕಿನ ನಮ್ಮ ಅಂದೋಲಾದಲ್ಲಿ ಮಳೆ ಕೈಕೊಟ್ಟ ವರ್ಷ ಗುಡಿಯಲ್ಲಿ ವಿರಾಟಪರ್ವವನ್ನು ಓದಿಸುತ್ತಿದ್ದರು. ಕುಮಾರವ್ಯಾಸನ ವಿರಾಟಪರ್ವವನ್ನು ಓದಿದರೆ ಮಳೆಯಾಗುತ್ತದೆಂಬ ನಂಬಿಕೆ ಕನ್ನಡನಾಡಿನ ಅನೇಕ ಕಡೆ ಉಂಟಷ್ಟೆ. 1972ರ ಬರಗಾಲದಲ್ಲಿ ನಾನು ಹನ್ನೊಂದು ವರ್ಷದ ಹುಡುಗ. ಆ ಓದಿನಿಂದ ಮಳೆ ಬಂದಿತೋ ಇಲ್ಲವೋ ಈಗ ನೆನಪಿಲ್ಲ. ನೆನಪಿರುವುದು ಒಂದು ಮಾತು. ದ್ರೌಪದಿಯು ಸೈರಂಧ್ರಿಯೆಂಬ ಹೆಸರಿನಿಂದ ವಿರಾಟನ ಅರಮನೆಯನ್ನು ಹೊಕ್ಕ ಪ್ರಸಂಗಕ್ಕೆ ಅರ್ಥ ಹೇಳುತ್ತಿದ್ದವರು ‘ಸೈರಂಧ್ರಿ ಎಂದರೆ ದಾಸಿ’ ಎಂದು ಮುಂದೆ ಸಾಗಿದರು. ಆಗ ಹೊರಗಿನ ಕಟ್ಟೆಯ ಅಂಚಿನಲ್ಲಿ ಕುಳಿತಿದ್ದ ನಮ್ಮೂರ ಹಡಪದ ಮನೆತನದ ಹಿರಿಯರೊಬ್ಬರು ಮೆಲ್ಲಗೆ, “ದಾಸಿ ಅಲ್ರಿ, ಅದು ಕಸುಬು” ಎಂದರು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದೆ ಕನ್ನಡ ಎಂ.ಎ. ಓದುವಾಗ ನಿಘಂಟುಗಳನ್ನು ತಿರುವಿಹಾಕಿದ ಮೇಲೆ, ಆ ಹಿರಿಯರೇ ಸರಿ ಎಂದು ತಿಳಿಯಿತು. ಅಮರಕೋಶವು ಸೈರಂಧ್ರಿಗೆ ಹೇಳುವ ಲಕ್ಷಣದಲ್ಲಿ ಮೂರು ಅಂಶಗಳಿವೆ: ಆಕೆ ಪರರ ಮನೆಯಲ್ಲಿ ಇರತಕ್ಕವಳು, ಆದರೆ ತನ್ನ ವಶದಲ್ಲಿ ತಾನಿರುವವಳು, ಮತ್ತು ಶಿಲ್ಪ ಬಲ್ಲವಳು, ಅಂದರೆ ಕೈಕಸುಬುಳ್ಳವಳು. ವ್ಯಾಸಭಾರತದಲ್ಲಿ ದ್ರೌಪದಿಯು ರಾಣಿ ಸುದೇಷ್ಣೆಗೆ ತನ್ನ ವಿದ್ಯೆಯನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾಳೆ. ಕೇಶವನ್ನು ಸಿಂಗರಿಸಬಲ್ಲೆ, ಅನುಲೇಪನವನ್ನು ಅರೆಯಬಲ್ಲೆ, ಹೂಮಾಲೆ ಕಟ್ಟಬಲ್ಲೆ ಎನ್ನುತ್ತಾಳೆ. ಜೊತೆಗೆ ಎಂಜಲು ಉಣ್ಣುವುದಿಲ್ಲ, ಕಾಲು ತೊಳೆಯುವುದಿಲ್ಲ ಎಂಬ ಎರಡು ಷರತ್ತುಗಳು ಕೆಲಸಕ್ಕೆ ಸೇರುವ ಮುನ್ನವೇ ಇತ್ಯರ್ಥವಾಗುತ್ತವೆ. ಪರದೇಶದಲ್ಲಿ ಪ್ರಸಾಧನದ ಕೆಲಸಕ್ಕೆ ನಿಂತ ಹೆಣ್ಣುಮಗಳೊಬ್ಬಳು ಮಾಡಿಕೊಂಡ ಕರಾರುಪತ್ರವೆಂದು ಇದನ್ನು ಓದಿದರೆ ತಪ್ಪಾಗಲಾರದು. (ಪ್ರಸಾಧನವೆಂಬ ಶಬ್ದ ಹಳಗನ್ನಡದಲ್ಲಿ ‘ಪಸದನ’ವಾಗಿದೆ. ಅಷ್ಟು ಚೆಲುವಾದ ಮಾತನ್ನು ನಾವು ಬಿಟ್ಟುಕೊಟ್ಟು ‘ಮೇಕಪ್’ ಎಂಬುದನ್ನು ಹಿಡಿದುಕೊಂಡೆವು.)

ಈ ಪೀಠಿಕೆಗೆ ಕಾರಣವಿದೆ. ಕಟ್ಟೆಯ ಮೇಲೆ ಕುಳಿತಿದ್ದ ಆ ಹಿರಿಯರ ಮೊಮ್ಮಗಳು ಈಗ ಲಂಡನ್ನಿನಲ್ಲಿದ್ದುಕೊಂಡು ಫ್ಯಾಷನ್ ಷೋಗಳಿಗೆ ಕೇಶಾಲಂಕಾರ ಮಾಡುತ್ತಾಳೆ. ಹೆಸರು ಹೇಳುವುದು ಬೇಡವೆಂದಿದ್ದಾಳೆ. ಆಕೆಯ ಅಜ್ಜ ಊರಿನ ತಲೆಗಳನ್ನು ನೋಡಿಕೊಂಡು, ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಆಯದ ಜೋಳ ತರುತ್ತಿದ್ದರು. ದೊಡ್ಡಾಟ ಬಂದಿತೆಂದರೆ ರಾತ್ರಿಯೆಲ್ಲ ಬಣ್ಣ ಹಚ್ಚುವವರೂ ಅವರೇ. ಅರದಾಳ, ಇಂಗಳೀಕ, ಸಫೇತ, ಕಾಡಿಗೆ, ಇವಿಷ್ಟರಲ್ಲಿ ದುರ್ಯೋಧನನನ್ನೂ ಮಾಡುತ್ತಿದ್ದರು, ಭಾನುಮತಿಯನ್ನೂ ಮಾಡುತ್ತಿದ್ದರು. ಅರದಾಳವೆಂದರೆ ಪಾಷಾಣದ ಅಂಶವುಳ್ಳ ಖನಿಜ, ಇಂಗಳೀಕವೆಂದರೆ ಪಾದರಸದ್ದು. ಎರಡೂ ವಿಷ. ಬಣ್ಣ ತೆಗೆಯುವಾಗ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಹಚ್ಚಬೇಕೆಂದು ಅವರು ಗದರಿಸುತ್ತಿದ್ದುದು ಸುಮ್ಮನೆ ಅಲ್ಲ.

ಮೊಮ್ಮಗಳು ಪದವಿ ಮುಗಿಸಿ ಈ ವಿದ್ಯೆ ಕಲಿಯಲು ಬೆಂಗಳೂರಿಗೆ ಹೋಗುತ್ತೇನೆಂದಾಗ ಅವಳ ತಂದೆ ನನ್ನಲ್ಲಿಗೆ ಕರೆತಂದಿದ್ದ. ಅವನು ನನ್ನ ಸಹಪಾಠಿ. ಸೈರಂಧ್ರಿಯ ಅರ್ಥವನ್ನು ತರಗತಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನಾನು ಆ ಹುಡುಗಿಗೆ, “ಬಿ.ಎಡ್. ಮಾಡವ್ವ, ಮರ್ಯಾದೆಯ ಕೆಲಸ ಸಿಗುತ್ತದೆ” ಎಂದೆ. ಅವಳು ಎದುರಾಡಲಿಲ್ಲ. ತಲೆ ತಗ್ಗಿಸಿ ಕೇಳಿದಳು. ಆಮೇಲೆ ತನಗೆ ಸರಿ ಕಂಡದ್ದನ್ನು ಮಾಡಿದಳು. ಅವಳು ಲಂಡನ್ನಿಗೆ ಹೊರಟಾಗ ಊರು ಕೇಳಿದ್ದು ಒಂದೇ ಪ್ರಶ್ನೆ: ಅಷ್ಟು ದೂರ ಹೋಗಿಯೂ ಅದೇ ಕೆಲಸವೇ?

ಅದೇ ಕೆಲಸವೇ ಎಂಬುದನ್ನು ವಿಚಾರಿಸೋಣ.

ಉಡುಪನ್ನು ಜೀವಂತ ಮನುಷ್ಯರಿಗೆ ತೊಡಿಸಿ ಗಿರಾಕಿಗಳ ಮುಂದೆ ನಡೆಸುವ ಪದ್ಧತಿ ಬಹು ಹಳೆಯದಲ್ಲ. ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷ್ ಮನುಷ್ಯ 1858ರಲ್ಲಿ ಪ್ಯಾರಿಸಿನಲ್ಲಿ ಉಡುಪಿನ ಮಳಿಗೆ ತೆರೆದು ಇದನ್ನು ರೂಢಿಗೆ ತಂದ. ಅವನ ಉಡುಪುಗಳನ್ನು ಮೊದಮೊದಲು ತೊಟ್ಟು ತೋರಿಸಿದವಳು ಅವನ ಹೆಂಡತಿಯೇ. ಇಂದು ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್ ಎಂಬ ನಾಲ್ಕು ನಗರಗಳಲ್ಲಿ ಇದೇ ಕ್ರಮದಲ್ಲಿ, ವರ್ಷಕ್ಕೆ ಎರಡು ಸಲ, ಫೆಬ್ರವರಿ–ಮಾರ್ಚಿನಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲೊಮ್ಮೆ, ಹೆಂಗಸರ ಉಡುಪಿನ ದೊಡ್ಡ ಪ್ರದರ್ಶನಗಳು ನಡೆಯುತ್ತವೆ. ಸುಮಾರು ಒಂದು ತಿಂಗಳ ಜಾತ್ರೆ. ಒಂದೊಂದು ಪ್ರದರ್ಶನ ಹತ್ತು ಹದಿನೈದು ನಿಮಿಷ ಮಾತ್ರ. ಆ ಹದಿನೈದು ನಿಮಿಷಕ್ಕಾಗಿ ತೆರೆಯ ಹಿಂದೆ ಮೂರು ನಾಲ್ಕು ಗಂಟೆಗಳ ದುಡಿಮೆ.

ನಮ್ಮ ಊರುಗಳಲ್ಲಿ ಮದುಮಗಳ ಮುಖಕ್ಕೂ ಜಡೆಗೂ ಒಬ್ಬಳೇ ಸಾಕು. ಅಲ್ಲಿ ಹಾಗಲ್ಲ. ಕೂದಲಿನ ತಂಡವೇ ಬೇರೆ, ಮುಖದ ತಂಡವೇ ಬೇರೆ, ಉಗುರಿಗೆ ಮತ್ತೊಂದು. ಪ್ರತಿ ತಂಡಕ್ಕೂ ಒಬ್ಬ ಮುಖ್ಯಸ್ಥ. ಉಡುಪು ರೂಪಿಸಿದವನ ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು, ಪ್ರದರ್ಶನಕ್ಕೆ ಮುಂಚೆ ಒಬ್ಬ ರೂಪದರ್ಶಿಯ ಮೇಲೆ ಅದನ್ನು ಮಾಡಿ ನೋಡಿ, ಒಪ್ಪಿಗೆ ಪಡೆಯುವವನು ಅವನೇ. ಪ್ರದರ್ಶನದ ದಿನ ಆತ ತನ್ನ ಸಹಾಯಕರೆಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಒಂದು ತಲೆಯನ್ನು ಮಾಡಿ ತೋರಿಸುತ್ತಾನೆ. ಬೈತಲೆ ಎಲ್ಲಿ, ಎಷ್ಟು ನೀರು, ಎಷ್ಟು ಅಂಟು, ಕಿವಿಯ ಮೇಲೋ ಹಿಂದೋ, ಎಲ್ಲವನ್ನೂ ಒಮ್ಮೆ ನೋಡಿ ಗ್ರಹಿಸಬೇಕು. ಮುಂದಿನ ನಲವತ್ತು ತಲೆಗಳೂ ಒಂದೇ ಕೈಯಿಂದ ಬಂದಂತೆ ಕಾಣಬೇಕು. ಸ್ವಂತ ಕಲ್ಪನೆಯನ್ನು ಸೇರಿಸಿದವರನ್ನು ಮರುದಿನ ಕರೆಯುವುದಿಲ್ಲ.

ಕಷ್ಟವೆಂದರೆ ಬಿಚ್ಚುವುದು. ರೂಪದರ್ಶಿಗಳು ಬೆಳಿಗ್ಗೆ ಒಂದು ಪ್ರದರ್ಶನ ಮುಗಿಸಿ ಮಧ್ಯಾಹ್ನ ಇನ್ನೊಂದಕ್ಕೆ ಓಡಿಬರುತ್ತಾರೆ. ಹಿಂದಿನ ತಂಡ ಹಾಕಿದ ಅಂಟು, ಪುಡಿ, ಹೆರಳು, ಪಿನ್ನು ಎಲ್ಲವೂ ತಲೆಯಲ್ಲೇ ಇರುತ್ತದೆ. ಪ್ರದರ್ಶನಕ್ಕೆ ಇಪ್ಪತ್ತು ನಿಮಿಷವಿದೆ ಎನ್ನುವಾಗ ಬಂದವಳ ಸುತ್ತ ನಾಲ್ಕು ಜನ ಮುಗಿಬೀಳುತ್ತಾರೆ. ಇಬ್ಬರು ಕೂದಲಿಗೆ, ಒಬ್ಬರು ಮುಖಕ್ಕೆ, ಒಬ್ಬರು ಕೆಳಗೆ ಕುಳಿತು ಉಗುರಿಗೆ. ಆ ಹುಡುಗಿಗೆ ಹದಿನೆಂಟೋ ಇಪ್ಪತ್ತೋ ವಯಸ್ಸು, ಬೆಳಗಿನಿಂದ ಉಂಡಿರುವುದಿಲ್ಲ, ನೆತ್ತಿ ಉರಿಯುತ್ತಿರುತ್ತದೆ. ಎಳೆಯದೆ, ಹರಿಯದೆ ಸಿಕ್ಕು ಬಿಡಿಸುವುದು ಎಲ್ಲರಿಗೂ ಬರುವುದಿಲ್ಲ. ನಮ್ಮ ಹುಡುಗಿಗೆ ಮೊದಲು ಹೆಸರು ತಂದದ್ದು ಇದೇ. “ಕಾಕಾ, ಕಟ್ಟೋರು ಭಾಳ ಮಂದಿ ಅದಾರ. ಬಿಚ್ಚೋರು ಕಡಿಮಿ. ನಾ ಅಜ್ಜನಂಗ ತುದಿಯಿಂದ ಬಿಚ್ಚತೀನಿ, ಬುಡದಿಂದ ಅಲ್ಲ” ಎಂದಳು. ಅವಳ ಚೀಲದಲ್ಲಿ ವಿದೇಶಿ ಸೀಸೆಗಳ ನಡುವೆ ಕೊಬ್ಬರಿ ಎಣ್ಣೆಯ ಡಬ್ಬಿಯೂ ಇದೆಯಂತೆ.

ಶುಚಿಯ ವಿಷಯವೂ ಹೇಳಬೇಕಾದ್ದೇ. ಬಣ್ಣವನ್ನು ಡಬ್ಬಿಯಿಂದ ನೇರವಾಗಿ ಮುಖಕ್ಕೆ ಒಯ್ಯುವಂತಿಲ್ಲ. ಚಪ್ಪಟೆ ಕಡ್ಡಿಯಿಂದ ತೆಗೆದು ಲೋಹದ ತಟ್ಟೆಯ ಮೇಲಿಟ್ಟು ಅಲ್ಲಿಂದ ಹಚ್ಚಬೇಕು. ಒಬ್ಬರಿಗೆ ಬಳಸಿದ ಕುಂಚವನ್ನು ಸ್ಪಿರಿಟ್ಟಿನಲ್ಲಿ ತೊಳೆಯದೆ ಇನ್ನೊಬ್ಬರಿಗೆ ಮುಟ್ಟಿಸುವಂತಿಲ್ಲ. ಕಣ್ಣಿನ ರೋಗ ಒಬ್ಬರಿಂದ ನಲವತ್ತು ಜನಕ್ಕೆ ಹಬ್ಬಲು ಒಂದು ಕುಂಚ ಸಾಕು.

ಬಣ್ಣದ ಮಾತಿನಲ್ಲಿ ಒಂದು ಅನ್ಯಾಯವೂ ಬಹುಕಾಲ ನಡೆಯಿತು. ಕಪ್ಪು, ಕಂದು ಮೈಬಣ್ಣಕ್ಕೆ ಹೊಂದುವ ಲೇಪನವನ್ನು ದೊಡ್ಡ ಕಂಪನಿಗಳು ಸರಿಯಾಗಿ ಮಾಡುತ್ತಲೇ ಇರಲಿಲ್ಲ. ಕಪ್ಪು ರೂಪದರ್ಶಿಗಳು ತಮ್ಮ ಬಣ್ಣದ ಡಬ್ಬಿಯನ್ನು ತಾವೇ ಚೀಲದಲ್ಲಿ ಹೊತ್ತು ತರುತ್ತಿದ್ದರು. 2017ರಲ್ಲಿ ರಿಹಾನಾ ಎಂಬ ಗಾಯಕಿ 40 ಛಾಯೆಗಳ ಲೇಪನವನ್ನು ಒಮ್ಮೆಗೇ ಮಾರುಕಟ್ಟೆಗೆ ತಂದ ಮೇಲೆ ಉಳಿದವರಿಗೂ ಎಚ್ಚರವಾಯಿತು. ಈ ಕ್ಷೇತ್ರದ ಅಗ್ರಗಣ್ಯಳಾದ ಪ್ಯಾಟ್ ಮೆಗ್ರಾ ಇಂಗ್ಲೆಂಡಿನ ನಾರ್ಥ್‌ಹ್ಯಾಂಪ್ಟನ್ನಿನಲ್ಲಿ, ಜಮೈಕಾ ಮೂಲದ ತಾಯಿಯ ಮಗಳಾಗಿ ಬೆಳೆದವಳು. ಯಾವ ಪ್ರಸಾಧನ ಶಾಲೆಯಲ್ಲೂ ಕಲಿಯದ ಆಕೆಗೆ 2021ರಲ್ಲಿ ಬ್ರಿಟನ್ನಿನ ‘ಡೇಮ್’ ಪದವಿ ಬಂತು. ಈ ಕಸುಬಿನವರಲ್ಲಿ ಆ ಗೌರವ ಪಡೆದವರಲ್ಲಿ ಆಕೆಯೇ ಮೊದಲಿಗಳು.

ಇನ್ನು ಕೂದಲು. ನಮ್ಮ ಹುಡುಗಿಗಿಂತ ಎಷ್ಟೋ ಮುಂಚೆ ನಮ್ಮ ಹೆಣ್ಣುಮಕ್ಕಳ ಕೂದಲು ಪರದೇಶಕ್ಕೆ ಹೋಗಿತ್ತು. ಬಾಚಣಿಗೆಯಲ್ಲಿ ಬಂದ ಕೂದಲನ್ನು ಸುತ್ತಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟು, ಓಣಿಗೆ ಬರುವ ವ್ಯಾಪಾರಿಗೆ ಕೊಟ್ಟು ಪಿನ್ನು, ಸೂಜಿ, ಪಾತ್ರೆ ಪಡೆಯುವುದು ನಮ್ಮ ತಾಯಂದಿರಿಗೆಲ್ಲ ಗೊತ್ತು. ಕೊಪ್ಪಳದ ಮಗ್ಗುಲಲ್ಲಿರುವ ಭಾಗ್ಯನಗರ ಈ ವ್ಯಾಪಾರಕ್ಕೆ ಹೆಸರಾದ ಊರು. ಉಂಡೆಗಟ್ಟಿದ ಕೂದಲನ್ನು ಹೆಂಗಸರು ಕುಳಿತು ಎಳೆ ಎಳೆಯಾಗಿ ಬಿಡಿಸಿ, ತೊಳೆದು, ಹಣಿಗೆಯಲ್ಲಿ ಎಳೆದು, ಉದ್ದದ ಪ್ರಕಾರ ಕಟ್ಟು ಕಟ್ಟುತ್ತಾರೆ. ಗುಡಿಗಳಲ್ಲಿ ಮುಡಿ ಕೊಟ್ಟ ಕೂದಲಿಗೆ ಬೆಲೆ ಹೆಚ್ಚು. ಕಾರಣವನ್ನು ನಾನು ಇವಳಿಂದ ತಿಳಿದೆ. ಕೂದಲ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರವಿದೆ. ಅದರ ಮುಖ ಬುಡದಿಂದ ತುದಿಯ ಕಡೆಗೆ. ಮುಡಿಯ ಕೂದಲು ಒಂದೇ ದಿಕ್ಕಿನಲ್ಲಿ ಕತ್ತರಿಸಿ ಬಂದದ್ದರಿಂದ ಸಿಕ್ಕಾಗುವುದಿಲ್ಲ. ಬಾಚಣಿಗೆಯ ಕೂದಲಿನಲ್ಲಿ ಬುಡ ತುದಿ ಬೆರೆತುಹೋಗಿರುವುದರಿಂದ ಆಮ್ಲದಲ್ಲಿ ಅದ್ದಿ ಆ ಪದರವನ್ನೇ ತೆಗೆಯಬೇಕಾಗುತ್ತದೆ.

2004ರಲ್ಲಿ ಈ ಮುಡಿಯ ಕೂದಲಿನಿಂದ ಒಂದು ವಿಚಿತ್ರವೂ ನಡೆಯಿತು. ಸಂಪ್ರದಾಯಸ್ಥ ಯಹೂದಿ ಗೃಹಿಣಿಯರಲ್ಲಿ ಅನೇಕರು ತಲೆಗೂದಲನ್ನು ಮರೆಮಾಡಲು ಟೋಪನ್ ಧರಿಸುತ್ತಾರೆ. ಆ ಕೂದಲು ಭಾರತದ ದೇವಾಲಯದಲ್ಲಿ ಹರಕೆಯಾಗಿ ಒಪ್ಪಿಸಿದ್ದು ಎಂದು ತಿಳಿದು, ಅನ್ಯದೇವತೆಗೆ ಅರ್ಪಿತವಾದುದನ್ನು ಬಳಸಬಾರದೆಂದು ಅವರ ಧರ್ಮಗುರುಗಳು ತೀರ್ಪು ಕೊಟ್ಟರು. ಜೆರೂಸಲೇಮಿನಲ್ಲೂ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲೂ ಬೀದಿಯಲ್ಲಿ ಟೋಪನ್ನುಗಳನ್ನು ಸುಟ್ಟರು. ನಮ್ಮ ಕಡೆಯ ಯಾವುದೋ ತಾಯಿ ಮಗುವಿನ ಜ್ವರ ಇಳಿಯಲೆಂದು ಕೊಟ್ಟ ಮುಡಿ ಎಲ್ಲಿಗೆ ಹೋಗಿ ಏನಾಯಿತು ನೋಡಿ.

ಸಂಬಳವೆಷ್ಟು ಎಂದು ಕೇಳುಗರು ಕೇಳಿಯೇ ಕೇಳುತ್ತಾರೆ. ಫ್ಯಾಷನ್ ಷೋ ಎಂದರೆ ಹಣದ ಹೊಳೆ ಎಂಬುದು ಭ್ರಮೆ. ಸಹಾಯಕರಿಗೆ ಸಿಗುವುದು ಅಲ್ಪ. ಮೊದಮೊದಲು ಏನೂ ಸಿಗದಿರುವುದೂ ಉಂಟು. ಹೋಗಿಬರುವ ಖರ್ಚು, ಉಳಿಯುವ ಖರ್ಚು ಎಷ್ಟೋ ಸಲ ತಮ್ಮದೇ. ಅಲ್ಲಿ ಗಳಿಸುವುದು ಹೆಸರು. ಆ ಹೆಸರಿನ ಬಲದಿಂದ ಜಾಹೀರಾತಿನ ಕೆಲಸ, ಮದುವೆಯ ಕೆಲಸ ಬಂದರೆ ಊಟ. ನಮ್ಮವಳು ಲಂಡನ್ನಿನ ಗುಜರಾತಿ, ಪಂಜಾಬಿ ಮದುವೆಗಳಲ್ಲಿ ದುಡಿದದ್ದನ್ನು ಪ್ಯಾರಿಸಿನಲ್ಲಿ ಕಳೆದು ಬರುತ್ತಿದ್ದಳು. ಜೊತೆಗೆ ಅಪ್ಪಣೆಪತ್ರಗಳ ತೊಡಕು. ಲಂಡನ್ನಿನಲ್ಲಿ ಕೆಲಸ ಮಾಡಲು ಅಪ್ಪಣೆಯಿದ್ದ ಮಾತ್ರಕ್ಕೆ ಪ್ಯಾರಿಸಿನಲ್ಲಿ ಮಾಡುವಂತಿಲ್ಲ. ಪ್ರವಾಸಿಯ ವೀಸಾದಲ್ಲಿ ಹೋಗಿ ಕುಂಚ ಹಿಡಿದರೆ ಅದು ಅಪರಾಧ.

ಅವಳ ಜೀವನದಲ್ಲೂ ಒಬ್ಬ ಕೀಚಕ ಬಂದಿದ್ದ. ವಿವರ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ರಾತ್ರಿ ಪ್ರದರ್ಶನ ಮುಗಿದ ಮೇಲೆ ನಡೆದ ಸಂಗತಿ ಎಂದಷ್ಟೇ ತಿಳಿಯಿತು. ಅಂದಿನಿಂದ ಅವಳು ಕೆಲಸ ಒಪ್ಪುವ ಮುನ್ನ ಬರಹದಲ್ಲಿ ಕೆಲವು ಮಾತು ಪಡೆಯುತ್ತಾಳೆ: ಎಷ್ಟು ಗಂಟೆಗೆ ಆರಂಭ, ಎಷ್ಟು ಗಂಟೆಗೆ ಮುಕ್ತಾಯ, ಊಟ ಯಾರದು, ತಡರಾತ್ರಿಯಾದರೆ ವಾಹನ ಯಾರದು, ಹಣ ಎಂದು. ಈ ಕಾರಣದಿಂದ ಎರಡು ಕೆಲಸ ತಪ್ಪಿಹೋದವಂತೆ. ಮತ್ಸ್ಯನಗರದಲ್ಲಿ ಸೈರಂಧ್ರಿಗೆ ಅಡುಗೆಮನೆಯಲ್ಲಿ ಒಬ್ಬ ಭೀಮನಿದ್ದ. ಇವಳಿಗೆ ಒಂದು ಕಾಗದ.

ಕಳೆದ ವರ್ಷ ಜೇವರ್ಗಿಯ ಇಬ್ಬರು ಹುಡುಗಿಯರು ಬಣ್ಣದ ಹೊತ್ತಿಗೆಯೊಂದನ್ನು ಹಿಡಿದು ನನ್ನಲ್ಲಿಗೆ ಬಂದರು. ಆರು ತಿಂಗಳ ಶಿಕ್ಷಣ, ಮುಗಿಯುತ್ತಲೇ ವಿದೇಶದಲ್ಲಿ ಉದ್ಯೋಗ, ಶುಲ್ಕಕ್ಕೆ ಸಾಲದ ಏರ್ಪಾಡು ಎಂದು ಅದರಲ್ಲಿತ್ತು. ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಏಜೆಂಟರು ನೋಂದಣಿ ಮಾಡಿಸಿಕೊಂಡಿರಬೇಕೆಂದು 1983ರ ಕಾಯ್ದೆಯೇ ವಿಧಿಸಿತು. ಆ ನೋಂದಣಿಯ ಸಂಖ್ಯೆ ಹೊತ್ತಿಗೆಯಲ್ಲಿ ಎಲ್ಲಿಯೂ ಕಾಣಲಿಲ್ಲ. ಈ ಬಾರಿ ನಾನು ಬಿ.ಎಡ್. ಎನ್ನಲಿಲ್ಲ. ಲಂಡನ್ನಿಗೆ ಫೋನು ಹಚ್ಚಿ, ನೀನೇ ಮಾತಾಡವ್ವ ಎಂದು ಅವರ ಕೈಗೆ ಕೊಟ್ಟೆ. ಅವಳು ಸಾಲದ ಮಾತು ಎತ್ತಲಿಲ್ಲ, ವೀಸಾದ ಮಾತು ಎತ್ತಲಿಲ್ಲ. “ಮೊದ್ಲ ಒಂದು ಹೇಳ್ರಿ ತಂಗಿ, ಗುರ್ತಿಲ್ಲದವರ ತಲಿ ಮುಟ್ಟಲಾಕ ನಿಮಗ ಹೇಸಿಗಿ ಇಲ್ಲ ಹೌದಿಲ್ಲೋ?” ಎಂದು ಕೇಳಿದಳು.

ಒಬ್ಬಳು ಇಲ್ಲವೆಂದಳು. ಇನ್ನೊಬ್ಬಳು ಮನೆಯಲ್ಲಿ ಕೇಳಿ ಹೇಳುತ್ತೇನೆಂದಳು.