ಸಾಕಿದ ಸೂರ್ಯನ ಕುದುರೆಗಳ ಮೈಬಣ್ಣ

ಸೂರ್ಯನ ಕುದುರೆಯು (ಮ್ಯಾಂಟಿಸ್) ಮ್ಯಾಂಟೋಡಿಯ ಗಣಕ್ಕೆ ಸೇರಿದ ಪರಭಕ್ಷಕ ಕೀಟ. ಈ ಗಣದಲ್ಲಿ ಸುಮಾರು 2,400 ಪ್ರಭೇದಗಳಿವೆ. ಒಂದೇ ಮೊಟ್ಟೆಗೂಡಿನಿಂದ ಹೊರಬಂದ ಮರಿಗಳಲ್ಲಿ ಕೆಲವು ಹಸಿರಾಗಿಯೂ ಕೆಲವು ಕಂದು ಬಣ್ಣದವಾಗಿಯೂ ಬೆಳೆಯುವುದುಂಟು. ಅನುವಂಶೀಯತೆ, ವಯಸ್ಸು, ಆರ್ದ್ರತೆ, ಬೆಳಕು ಮುಂತಾದವು ಸಾಕಿದ ಕೀಟಗಳ ಬಣ್ಣದ ಮೇಲೆ ಪ್ರಭಾವ ಬೀರುತ್ತವೆ.

ವರ್ಣದ್ರವ್ಯಗಳು

ಈ ಕೀಟದ ಹಸಿರು ಬಣ್ಣಕ್ಕೆ ಎಲೆಗಳಲ್ಲಿರುವ ಪತ್ರಹರಿತ್ತು ಕಾರಣವಲ್ಲ. ಯುರೋಪಿನ ಸಾಮಾನ್ಯ ಪ್ರಭೇದವಾದ ಮ್ಯಾಂಟಿಸ್ ರಿಲಿಜಿಯೋಸಾದಲ್ಲಿ ಬಿಲಿವರ್ಡಿನ್ ಎಂಬ ನೀಲಿ ಛಾಯೆಯ ದ್ರವ್ಯವು ಹಳದಿ ಕೆರೊಟಿನಾಯ್ಡುಗಳೊಡನೆ ಬೆರೆತು ಹಸಿರು ಮೂಡುತ್ತದೆ. ಕಂದು ಬಣ್ಣಕ್ಕೆ ಓಮೋಕ್ರೋಮ್ ಎಂಬ ದ್ರವ್ಯಗಳು ಕಾರಣ. ಬಿಲಿವರ್ಡಿನ್ ದೇಹದಲ್ಲಿಯೇ ತಯಾರಾಗುತ್ತದೆ. ಕೆರೊಟಿನಾಯ್ಡುಗಳು ಆಹಾರದಿಂದ ದೊರೆಯುತ್ತವೆ. ಆದುದರಿಂದ ಹಸಿರು ಮಿಡತೆಗಳನ್ನು ತಿನ್ನಿಸಿದ ಮಾತ್ರಕ್ಕೆ ಕೀಟವು ಹಸಿರಾಗುವುದಿಲ್ಲ.

ಪೊರೆ ಕಳಚುವಿಕೆ

ಬಣ್ಣದ ದೊಡ್ಡ ಬದಲಾವಣೆಗಳು ಸಾಮಾನ್ಯವಾಗಿ ಮರಿಯು ಪೊರೆ ಕಳಚುವಾಗ ಕಾಣಿಸುತ್ತವೆ. ಆಗತಾನೆ ಪೊರೆ ಬಿಟ್ಟ ಕೀಟದ ಮೈ ಮೃದುವಾಗಿದ್ದು ಪೇಲವವಾಗಿರುತ್ತದೆ. ಹೊರಕವಚ ಗಟ್ಟಿಯಾದಂತೆ ನಿಜವಾದ ಬಣ್ಣ ಕಾಣುತ್ತದೆ. ರೆಕ್ಕೆ ಬಲಿತ ಪ್ರೌಢ ಕೀಟವು ಮತ್ತೆ ಪೊರೆ ಬಿಡುವುದಿಲ್ಲವಾದ್ದರಿಂದ ಅದರ ಬಣ್ಣದಲ್ಲಿ ಬದಲಾವಣೆ ಕಡಿಮೆ.

ಪರಿಸರದ ಪ್ರಭಾವ

ಮ್ಯಾಂಟಿಸ್ ರಿಲಿಜಿಯೋಸಾ ಮತ್ತು ಆಫ್ರಿಕಾದ ಮಿಯೊಮ್ಯಾಂಟಿಸ್ ಜಾತಿಯ ಕೆಲವು ಪ್ರಭೇದಗಳಲ್ಲಿ ತೇವವಾದ ವಾತಾವರಣವು ಹಸಿರಿಗೂ ಒಣ ವಾತಾವರಣವು ಕಂದಿಗೂ ಅನುಕೂಲಕರವೆಂದು ಕಂಡುಬಂದಿದೆ. ಬೆಳಕಿನ ತೀವ್ರತೆಯೂ ಇದರೊಡನೆ ಸೇರಿ ಕೆಲಸ ಮಾಡುತ್ತದೆ. ಹಸಿರೆಲೆಗಳ ನಡುವೆ ಇರಿಸಿದರೆ ಕೀಟವು ಕೂಡಲೇ ಹಸಿರಾಗುತ್ತದೆಂಬ ನಂಬಿಕೆ ಸರಿಯಲ್ಲ. ಊಸರವಳ್ಳಿಯಂತೆ ಕ್ಷಣಗಳಲ್ಲಿ ಬಣ್ಣ ಬದಲಿಸುವ ಶಕ್ತಿ ಇದಕ್ಕಿಲ್ಲ. ಆಫ್ರಿಕಾ ಮತ್ತು ಆಸ್ಟ್ರೇಲಿಯಾಗಳ ಹುಲ್ಲುಗಾವಲುಗಳಲ್ಲಿ ಕಾಳ್ಗಿಚ್ಚಿನ ನಂತರ ಕೆಲವು ಪ್ರಭೇದಗಳು ಕಪ್ಪಾಗುವುದುಂಟು.

ಪ್ರಭೇದದ ಮಿತಿ

ಬಣ್ಣವು ಎಷ್ಟರ ಮಟ್ಟಿಗೆ ಬದಲಾಗಬಹುದೆಂಬುದನ್ನು ಅನುವಂಶೀಯತೆ ನಿರ್ಧರಿಸುತ್ತದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಲ್ಲಿ ಕಂಡುಬರುವ, ಹೊರದೇಶಗಳಲ್ಲಿಯೂ ಸಾಕಲ್ಪಡುವ ಗೊಂಗೈಲಸ್ ಗೊಂಗೈಲೋಡ್ಸ್ ಒಣಗಿದ ಎಲೆಯನ್ನು ಹೋಲುವ ಕಂದು ಛಾಯೆಗಳಲ್ಲಿಯೇ ಉಳಿಯುತ್ತದೆ. ಆಗ್ನೇಯ ಏಷ್ಯಾದ ಆರ್ಕಿಡ್ ಮ್ಯಾಂಟಿಸ್‌ನ ಮರಿ ಹುಟ್ಟುವಾಗ ಕೆಂಪು-ಕಪ್ಪು ಬಣ್ಣದ್ದಾಗಿದ್ದು, ಮುಂದಿನ ಹಂತಗಳಲ್ಲಿ ಬಿಳಿ ಅಥವಾ ಗುಲಾಬಿಯಾಗುತ್ತದೆ.

ಬಣ್ಣದ ಮಹತ್ವ

ಡಿ ಚೆಸ್ನೋಲಾ ಎಂಬುವರು ಇಟಲಿಯಲ್ಲಿ ನಡೆಸಿ 1904ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಕೀಟಗಳನ್ನು ದಾರದಿಂದ ಗಿಡಗಳಿಗೆ ಕಟ್ಟಲಾಗಿತ್ತು. ಹಸಿರು ಹುಲ್ಲಿನಲ್ಲಿದ್ದ ಹಸಿರು ಕೀಟಗಳು ಉಳಿದವು. ಒಣಹುಲ್ಲಿನಲ್ಲಿದ್ದ ಹಸಿರು ಕೀಟಗಳು ಸತ್ತವು. ಪೆಟ್ಟಿಗೆಯಲ್ಲಿ ಶತ್ರುಗಳಿಲ್ಲದ ಕಾರಣ ಅಲ್ಲಿ ಬಣ್ಣವು ಪ್ರಾಣರಕ್ಷಣೆಯ ಸಾಧನವಲ್ಲ.

ಸಾಕುವವರು ಗಮನಿಸುವ ಅಂಶಗಳು

ಬಯಸಿದ ಬಣ್ಣಕ್ಕಾಗಿ ಆರ್ದ್ರತೆಯನ್ನು ಮಿತಿಮೀರಿ ಏರಿಳಿಸುವುದು ಅಪಾಯಕರ. ತೇವ ಹೆಚ್ಚಾಗಿ ಗಾಳಿಯಾಡದಿದ್ದರೆ ಪೆಟ್ಟಿಗೆಯಲ್ಲಿ ಬೂಷ್ಟು ಬೆಳೆಯುತ್ತದೆ. ತೀರ ಒಣಗಿದರೆ ಪೊರೆ ಸರಿಯಾಗಿ ಕಳಚದೆ ಕೀಟವು ಅಂಗವಿಕಲವಾಗಬಹುದು ಅಥವಾ ಸಾಯಬಹುದು. ರಾತ್ರಿ ಕಣ್ಣುಗಳು ಕಪ್ಪಾಗುವುದು ಕತ್ತಲೆಗೆ ಹೊಂದಿಕೊಳ್ಳುವ ಸಹಜ ಕ್ರಿಯೆ. ಬೆಳಕು ಬಂದಾಗ ಅವು ಮೊದಲಿನಂತಾಗುತ್ತವೆ. ಆದರೆ ಹೊಟ್ಟೆಯ ಭಾಗ ಕಪ್ಪಾಗಿ ಮೆತ್ತಗಾಗುವುದು ರೋಗದ ಚಿಹ್ನೆಯಾಗಿರಬಹುದು. ಅದನ್ನು ಸಹಜ ಬಣ್ಣದ ಬದಲಾವಣೆಯೆಂದು ಭಾವಿಸಬಾರದು.